ಆನ್‌ಲೈನ್‌ನಲ್ಲಿ ಜೆರ್ಸಿ: ಸೈಜ್ ಸರಿ ಬರಬೇಕು, ಹೊಲಿಗೆ ಗಟ್ಟಿ ಇರಬೇಕು. ಹೇಗೆ ಆರಿಸುತ್ತೀರಿ?

ದಾವಣಗೆರೆ_ದೋಸೆ
ಎಲ್ಲರಿಗೂ ನಮಸ್ಕಾರ. ಐಪಿಎಲ್ ಶುರುವಾಗುವ ಮುಂಚೆ ಮನೆಗೆ ಮೂರು ಆರ್‌ಸಿಬಿ ಜೆರ್ಸಿ ಬೇಕು. ನನಗೆ, ಅಪ್ಪನಿಗೆ, ತಂಗಿಗೆ. ಫೋನ್‌ನಲ್ಲಿ ಹುಡುಕಿದರೆ ತಲೆ ಬುಡ ಗೊತ್ತಾಗುತ್ತಿಲ್ಲ. ಅದೇ ಫೋಟೋ ಒಂದು ಕಡೆ 349 ರೂಪಾಯಿ, ಇನ್ನೊಂದು ಕಡೆ 899, ಮತ್ತೊಂದು ಕಡೆ ಅದಕ್ಕಿಂತ ಮೂರು ಪಟ್ಟು. ಫ್ಯಾನ್ ವರ್ಷನ್, ಪ್ಲೇಯರ್ ವರ್ಷನ್, ಮಾಸ್ಟರ್ ಕಾಪಿ, ಥಾಯ್ ಕ್ವಾಲಿಟಿ ಅಂತೆಲ್ಲ ಹಾಕಿದ್ದಾರೆ. ಏನಿದೆಲ್ಲ?

ನನ್ನ ಎದೆ 40 ಇಂಚು, ಹೊಟ್ಟೆ 42. (ನಗಬೇಡಿ.) ಒಂದು ಕಡೆ ಎಲ್ ತಗೊಳ್ಳಿ ಅನ್ನುತ್ತದೆ, ಇನ್ನೊಂದು ಕಡೆ ಡಬಲ್ ಎಕ್ಸ್‌ಎಲ್. ಬಟ್ಟೆ ಮುಟ್ಟಿ ನೋಡದೆ ಒಳ್ಳೆಯದು ಕೆಟ್ಟದ್ದು ಗೊತ್ತು ಮಾಡಿಕೊಳ್ಳುವುದು ಹೇಗೆ?

ಹುಬ್ಬಳ್ಳಿ_ಯಾರ್ಕರ್
ಹೊಟ್ಟೆ 42 ಇದ್ದವರು ಪ್ಲೇಯರ್ ವರ್ಷನ್ ಕಡೆ ತಿರುಗಿಯೂ ನೋಡಬಾರದು ರೀ. ಅನುಭವದ ಮಾತು.

ಸುಮ್ನೆ_ಓದುವವ
349ರದ್ದು ತಗೊಳ್ಳಿ. ಎರಡು ತಿಂಗಳ ಸೀಸನ್‌ಗೆ ಅಷ್ಟು ಸಾಕು. ಮುಂದಿನ ವರ್ಷ ಡಿಸೈನ್ ಹೇಗೂ ಬದಲಾಗುತ್ತದೆ.

ಹೊಲಿಗೆ_ಮಾಸ್ತರ
ಗಾರ್ಮೆಂಟ್ಸ್‌ನಲ್ಲಿ ಕ್ವಾಲಿಟಿ ಚೆಕಿಂಗ್ ನನ್ನ ಕೆಲಸ. ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ.

ಮೊದಲು ಎಸ್, ಎಂ, ಎಲ್ ಅನ್ನುವುದನ್ನು ಮರೆತುಬಿಡಿ. ಒಂದು ಕಂಪನಿಯ ಎಲ್ ಇನ್ನೊಂದು ಕಂಪನಿಯ ಎಂ ಆಗಿರುತ್ತದೆ. ಅದೇ ಕಂಪನಿಯ ಎರಡು ಮಾಡೆಲ್ ನಡುವೆಯೂ ವ್ಯತ್ಯಾಸ ಇರುತ್ತದೆ. ನಿಮ್ಮ ಬೀರುವಿನಲ್ಲಿ ಮೈಗೆ ಚೆನ್ನಾಗಿ ಕೂರುವ ಟೀ ಶರ್ಟ್ ಒಂದು ಇದ್ದೇ ಇರುತ್ತದೆ. ಅದನ್ನು ಮಂಚದ ಮೇಲೆ ಸುಕ್ಕಿಲ್ಲದಂತೆ ಹಾಸಿ. ಈ ಕಂಕುಳಿಂದ ಆ ಕಂಕುಳಿಗೆ ಟೇಪ್ ಹಿಡಿಯಿರಿ. ಇಪ್ಪತ್ತೊಂದೂವರೆ ಇಂಚು ಬಂತು ಅಂದುಕೊಳ್ಳಿ. ಎರಡರಿಂದ ಗುಣಿಸಿದರೆ 43. ಇದು ಬಟ್ಟೆಯ ಎದೆ ಅಳತೆ. ಆಮೇಲೆ ಕಾಲರ್ ಪಕ್ಕ ಭುಜ ಶುರುವಾಗುವ ಜಾಗದಿಂದ ಕೆಳಗಿನ ಅಂಚಿನ ತನಕ ಉದ್ದ. ಈ ಎರಡು ನಂಬರ್ ಫೋನ್‌ನಲ್ಲಿ ಬರೆದಿಟ್ಟುಕೊಳ್ಳಿ. ಇನ್ನು ಮುಂದೆ ಏನು ತಗೊಂಡರೂ ಇವೇ ನಿಮ್ಮ ಸೈಜ್.

ಈಗ ವೆಬ್‌ಸೈಟಿನ ಸೈಜ್ ಚಾರ್ಟ್. ಎಲ್ಲರೂ ಎಡವುವುದು ಇಲ್ಲೇ. ಚಾರ್ಟ್‌ನಲ್ಲಿ ಎಲ್ ಎದುರಿಗೆ 40 ಅಂತ ಇದ್ದರೆ ಅದು ನಿಮ್ಮ ಮೈ ಅಳತೆಯೋ, ಬಟ್ಟೆ ಅಳತೆಯೋ? ಮೈ ಅಳತೆ ಆದರೆ 40 ಎದೆಯವರಿಗೆ ಅದು ಸರಿ. ಬಟ್ಟೆ ಅಳತೆ ಆದರೆ ಆ ಜೆರ್ಸಿ ನಿಮಗೆ ಚರ್ಮದಂತೆ ಅಂಟಿಕೊಳ್ಳುತ್ತದೆ. ದೊಡ್ಡ ಬ್ರ್ಯಾಂಡ್‌ಗಳು ಸಾಮಾನ್ಯವಾಗಿ ಮೈ ಅಳತೆ ಕೊಡುತ್ತವೆ. ಸಣ್ಣ ಮಾರಾಟಗಾರರು ಬಟ್ಟೆ ಅಳತೆ ಕೊಡುವುದು ಜಾಸ್ತಿ. ಗೊತ್ತಾಗದಿದ್ದರೆ ಮೆಸೇಜ್ ಮಾಡಿ ಕೇಳಿ. ಉತ್ತರ ಕೊಡದವರ ಹತ್ತಿರ ತಗೊಳ್ಳಲೇಬೇಡಿ.

ಸಡಿಲ ಎಷ್ಟಿರಬೇಕು ಅಂದರೆ, ಮೈ ಅಳತೆಗಿಂತ ಬಟ್ಟೆ 3ರಿಂದ 4 ಇಂಚು ಜಾಸ್ತಿ ಇದ್ದರೆ ಆರಾಮ. ಒಂದೆರಡು ಇಂಚು ಇದ್ದರೆ ಬಿಗಿ. ನಿಮಗೆ ಎದೆಗಿಂತ ಹೊಟ್ಟೆ ಜಾಸ್ತಿ ಇರುವುದರಿಂದ ಹೊಟ್ಟೆಯ ಲೆಕ್ಕ ಹಿಡಿಯಿರಿ. ಸುತ್ತಳತೆ 45 ಬರುವ ಜೆರ್ಸಿ ಹುಡುಕಿ, ಕೆಳಗಿನ ಅಂಚೂ ಅಷ್ಟೇ ಅಗಲ ಇದೆಯಾ ನೋಡಿ.

ದಾವಣಗೆರೆ_ದೋಸೆ
ಬೈಯುವುದೇನು, ನಿಮಗೆ ಬೆಣ್ಣೆದೋಸೆ ಕೊಡಿಸಬೇಕು. ಚಾರ್ಟ್‌ನಲ್ಲಿ ಎರಡು ಥರ ಇರುತ್ತದೆ ಅಂತ ಯಾರೂ ಹೇಳಿರಲಿಲ್ಲ.

ಬ್ಲೂ_ಬ್ಲಾಕ್
ಫ್ಯಾನ್, ಪ್ಲೇಯರ್ ವಿಷಯ ನಾನು ಹೇಳುತ್ತೇನೆ. ಫುಟ್‌ಬಾಲ್‌ನವರಿಗೆ ಇದು ಹಳೇ ತಲೆನೋವು. ಮಾಸ್ಟರ್ ಕಾಪಿ, ಥಾಯ್ ಕ್ವಾಲಿಟಿ ಅಂದರೆ ಎರಡೂ ನಕಲಿಯೇ, ಹೆಸರು ಮಾತ್ರ ಚೆಂದ.

ಕಂಪನಿಗಳು ಒಂದೇ ಜೆರ್ಸಿಯನ್ನು ಎರಡು ಮೂರು ದರ್ಜೆಯಲ್ಲಿ ತರುತ್ತವೆ. ಆಟಗಾರರು ಹಾಕುವಂಥದ್ದು ತೆಳು, ಹಗುರ, ಮೈಗೆ ಹತ್ತಿರ ಕೂರುವ ಕಟ್. ಅದರ ಲೋಗೋ ಸಾಮಾನ್ಯವಾಗಿ ಬಿಸಿ ಒತ್ತಿ ಅಂಟಿಸಿದ್ದು. ಅಭಿಮಾನಿಗಳದ್ದು ಸ್ವಲ್ಪ ದಪ್ಪ ಬಟ್ಟೆ, ಅಗಲ ಕಟ್, ಲೋಗೋ ಹೆಚ್ಚಾಗಿ ಕಸೂತಿ. ಈಚಿನ ತನಕ ಅಡಿಡಾಸ್‌ನಲ್ಲಿ ಹೀಟ್ ರೆಡಿ ಅಂದರೆ ಪ್ಲೇಯರ್, ಏರೋರೆಡಿ ಅಂದರೆ ಅಭಿಮಾನಿಗಳದ್ದು. ನೈಕಿಯಲ್ಲಿ ಡ್ರೈಫಿಟ್ ಎಡಿವಿ ಮತ್ತು ಬರೀ ಡ್ರೈಫಿಟ್. ಪೂಮಾದಲ್ಲಿ ಅಲ್ಟ್ರಾವೀವ್ ಮತ್ತು ಡ್ರೈಸೆಲ್.

ಭಾರತ ಕ್ರಿಕೆಟ್ ತಂಡದ್ದು 2023ರಲ್ಲಿ ಅಡಿಡಾಸ್‌ಗೆ ಬಂದಾಗ ಮೂರು ಬೆಲೆ ಇಟ್ಟಿದ್ದರು. ಆಟಗಾರರ ಜೆರ್ಸಿ 4,999, ರೆಪ್ಲಿಕಾ (ನಕಲಿ ಅಲ್ಲ, ಕಂಪನಿಯೇ ಅಭಿಮಾನಿಗಳಿಗೆ ಮಾಡುವುದು) 2,999, ಫ್ಯಾನ್ ಟೀ 999. ಬೆಲೆ ಜಾಸ್ತಿ ಇದ್ದರೆ ಬಾಳಿಕೆ ಜಾಸ್ತಿ ಅಂತ ಜನ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ತಿರುಗಾಮುರುಗಾ. ಪ್ಲೇಯರ್ ವರ್ಷನ್ ಇರುವುದು ಬೆವರು ಬೇಗ ಆರಲಿ ಅಂತ, ಹತ್ತು ವರ್ಷ ಬಾಳಲಿ ಅಂತ ಅಲ್ಲ. ವಾಷಿಂಗ್ ಮೆಷಿನ್‌ಗೆ ಹಾಕುವವರಿಗೆ ಕಸೂತಿ ಲೋಗೋದ ರೆಪ್ಲಿಕಾನೇ ವಾಸಿ.

ಹುಬ್ಬಳ್ಳಿ_ಯಾರ್ಕರ್
4,999 ಕೊಟ್ಟು ಒಂದು ಅಂಗಿ! ಅದರಲ್ಲಿ ಒಂದು ಇಡೀ ಟೀಮಿಗೆ ಜೆರ್ಸಿ ಹೊಲಿಸಬಹುದು.

ಬ್ಲೂ_ಬ್ಲಾಕ್
ಅದಕ್ಕೇ 999ರದ್ದೂ ಇಟ್ಟಿದ್ದರಲ್ಲ. ಯಾರೂ ನಿಮ್ಮ ಕುತ್ತಿಗೆ ಹಿಡಿದು 4,999ರದ್ದೇ ತಗೊಳ್ಳಿ ಅನ್ನುತ್ತಿಲ್ಲ.

ಕುಂದಾಪ್ರ_ಕೀಪರ್
ಮಾರಾಯ್ರೆ, ಕಾಪಿ ಜೆರ್ಸಿಗೆ ಇಷ್ಟು ಹೆದರುವುದೇಕೆ? ನಮ್ಮೂರಿನ ಹುಡುಗರು ಎಲ್ಲ 300 ರೂಪಾಯಿಯದ್ದೇ ಹಾಕುತ್ತಾರೆ. ಸ್ಟೇಡಿಯಂ ಹೊರಗೆ ಮಾರುವವನೂ ಹೊಟ್ಟೆಪಾಡಿಗೆ ಮಾಡುತ್ತಾನೆ. 2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಆರ್‌ಸಿಬಿ ಐಪಿಎಲ್ ಫೈನಲ್‌ನಲ್ಲಿ ಪಂಜಾಬ್ ಮೇಲೆ 6 ರನ್‌ನಿಂದ ಗೆದ್ದಾಗ ನಮ್ಮ ಬೀದಿಯಲ್ಲಿ ಕುಣಿದವರ ಮೈ ಮೇಲೆ ಒಂದೇ ಒಂದು ಒರಿಜಿನಲ್ ಇರಲಿಲ್ಲ. ಖುಷಿಗೇನು ಕಮ್ಮಿ ಆಯಿತಾ?

ಗ್ರಾಹಕ_ಗಿರಿ
ಕಾಪಿ ಅಂತ ಗೊತ್ತಿದ್ದೇ 300 ಕೊಟ್ಟರೆ ಅದು ನಿಮ್ಮ ಇಷ್ಟ. ನನ್ನ ತಕರಾರು ಕಾಪಿಯನ್ನು ಒರಿಜಿನಲ್ ಅಂತ ಹೇಳಿ 1,500ಕ್ಕೆ ಮಾರುವವರ ಮೇಲೆ. ಆನ್‌ಲೈನ್‌ನಲ್ಲಿ ನಡೆಯುವುದು ಅದೇ. ಫೋಟೋ ಕಂಪನಿಯದ್ದು, ಬರುವ ಮಾಲು ಬೇರೆ.

ಕೆಲವು ವಿಷಯ ಪುಟದಲ್ಲೇ ನೋಡಬಹುದು. ಇ-ಕಾಮರ್ಸ್‌ನಲ್ಲಿ ಮಾರುವ ಪ್ಯಾಕ್ ಆದ ವಸ್ತುವಿಗೆ ಎಂಆರ್‌ಪಿ, ತಯಾರಕರ ಅಥವಾ ಆಮದುದಾರರ ಹೆಸರು, ಯಾವ ದೇಶದ್ದು ಅನ್ನುವುದು ಹಾಕಲೇಬೇಕು. ಪುಟದ ತಳಕ್ಕೆ ಹೋಗಿ ಓದಿ. ಬ್ರ್ಯಾಂಡ್ ಹೆಸರಿನ ಜಾಗದಲ್ಲಿ 'ಜೆನೆರಿಕ್' ಅಂತ ಇದ್ದು, ಮೇಲೆ ತಂಡದ ಲೋಗೋ ಇದ್ದರೆ ಅಲ್ಲಿಗೆ ಕಥೆ ಮುಗಿಯಿತು. ಮಾರಾಟಗಾರನ ಹೆಸರು ಒತ್ತಿ ನೋಡಿ. ಜೆರ್ಸಿ ಜೊತೆ ಮಿಕ್ಸಿ ಜಾರ್, ಮೊಬೈಲ್ ಕವರ್ ಎಲ್ಲ ಮಾರುತ್ತಿದ್ದರೆ ಅನುಮಾನ ಪಡಿ.

ಬ್ಲೂ_ಬ್ಲಾಕ್
ಇನ್ನೊಂದು ಸೇರಿಸಿ. ಅಸಲಿ ಜೆರ್ಸಿಯ ಒಳಗೆ ಸೈಡ್ ಹೊಲಿಗೆಯಲ್ಲಿ ಚಿಕ್ಕ ಲೇಬಲ್ ಇರುತ್ತದೆ. ಅದರಲ್ಲಿ ಪ್ರಾಡಕ್ಟ್ ಕೋಡ್. ಅದನ್ನು ಹುಡುಕಿದರೆ ಅದೇ ಜೆರ್ಸಿಯ ಚಿತ್ರ ಬರಬೇಕು. ನಕಲಿಗಳಲ್ಲಿ ಯಾವುದೋ ಬೇರೆ ತಂಡದ ಕೋಡ್ ಹಾಕಿರುತ್ತಾರೆ. ಕ್ರಿಕೆಟ್ ಜೆರ್ಸಿಯ ಕೋಡ್ ಹುಡುಕಿದರೆ ಶೂ ಬಂದದ್ದೂ ಇದೆ.

ಸುಮ್ನೆ_ಓದುವವ
ಆರ್‌ಸಿಬಿಗೆ ಇನ್ನೂ ಸುಲಭದ ಪರೀಕ್ಷೆ. 2024ರ ಮಾರ್ಚ್‌ನಲ್ಲಿ ಹೆಸರು ಬ್ಯಾಂಗಲೋರ್ ಹೋಗಿ ಬೆಂಗಳೂರು ಆಯಿತು. ಇನ್ನೂ ಬ್ಯಾಂಗಲೋರ್ ಅಂತ ಇರುವುದನ್ನು 'ಹೊಸ ಸೀಸನ್' ಅಂತ ಮಾರುತ್ತಿದ್ದಾರೆ.

ಹುಬ್ಬಳ್ಳಿ_ಯಾರ್ಕರ್
ಬೆನ್ನ ಮೇಲೆ 17 ಎಬಿಡಿ (ಡಿವಿಲಿಯರ್ಸ್) ಅಂತ ಇದ್ದು ಹೊಸ ಸೀಸನ್ ಜೆರ್ಸಿ ಅನ್ನುವವರೂ ಇದ್ದಾರೆ. 17 ಮತ್ತು ಗೇಲ್‌ನ 333 ಎರಡನ್ನೂ 2023ರಲ್ಲೇ ನಿವೃತ್ತಿ ಮಾಡಿದ್ದಾರೆ.

ಪೆರ್ರಿ_ಪರಮಭಕ್ತೆ
ನಿವೃತ್ತಿ ಆದರೇನು, ನಮಗೆ ಇಷ್ಟ ಇದ್ದ ನಂಬರ್ ಹಾಕಿಸಿಕೊಳ್ಳಬಾರದಾ? ಅದು ನಕಲಿಗೆ ಸಾಕ್ಷಿ ಅಲ್ಲ. ಹೆಸರು, ನಂಬರ್ ಬೇಕಾದ ಹಾಗೆ ಹಾಕಿಕೊಡುವವರು ಎಷ್ಟೋ ಜನ ಇದ್ದಾರೆ.

ತಂಗಿ ಜೆರ್ಸಿ ಬಗ್ಗೆ ಯಾರೂ ಮಾತಾಡಲಿಲ್ಲ, ನೋಡಿದಿರಾ? ಗಂಡಸರ ಎಸ್ ತಗೊಂಡರೆ ಆಯಿತು ಅನ್ನುವುದು ಎಲ್ಲರ ಸಲಹೆ. ಆಗುವುದಿಲ್ಲ. ಗಂಡಸರ ಕಟ್‌ನಲ್ಲಿ ಭುಜ ಅಗಲ, ಸೊಂಟದ ಹತ್ತಿರ ಆಕಾರವೇ ಇಲ್ಲ, ಉದ್ದ ತೊಡೆ ತನಕ. ಎದೆಗೆ ಸರಿ ಹೋದರೆ ಸೊಂಟದ ಕೆಳಗೆ ಬಿಗಿ, ಅಲ್ಲಿಗೆ ಸರಿ ಮಾಡಿದರೆ ಭುಜದ ಹೊಲಿಗೆ ಮೊಣಕೈ ಕಡೆ ಜಾರುತ್ತದೆ. ಹೆಂಗಸರ ಕಟ್ ಅಂತ ಬೇರೆ ಇದೆಯಾ ಅಂತ ಮೊದಲು ಹುಡುಕಿ. ಇಲ್ಲದಿದ್ದರೆ ಭುಜದ ಅಳತೆ ನೋಡಿ ಆರಿಸಿ. ಅಗಲ ಜಾಸ್ತಿ ಆದರೆ ಟೇಲರ್ ಪಕ್ಕದ ಹೊಲಿಗೆ ಒಳಗೆ ಹಿಡಿದು ಕೊಡುತ್ತಾರೆ. ಭುಜ ಸರಿ ಮಾಡುವುದು ಕಷ್ಟ.

ತೆಳು ಬಟ್ಟೆ ಬಗ್ಗೆಯೂ ಎಚ್ಚರ. ತಿಳಿ ಬಣ್ಣದ ಜೆರ್ಸಿ ಆದರೆ ರಿವ್ಯೂನಲ್ಲಿ ಹೆಂಗಸರು ಹಾಕಿದ ಫೋಟೋ ಹುಡುಕಿ ನೋಡಿ. ಇನ್ನು, 2024ರಲ್ಲಿ ಡಬ್ಲ್ಯುಪಿಎಲ್ (ಹೆಂಗಸರ ಐಪಿಎಲ್) ಕಪ್ ತಂದುಕೊಟ್ಟಿದ್ದು ನಮ್ಮ ಹುಡುಗಿಯರು. ಗಂಡಸರಿಗಿಂತ ಒಂದು ವರ್ಷ ಮುಂಚೆ. ಆದರೂ ಅಂಗಡಿಯಲ್ಲಿ ಕೇಳಿದರೆ 'ಕೊಹ್ಲಿ 18 ಇದೆ ಮೇಡಂ'. ನನಗೆ ಬೇಕಾಗಿದ್ದು ಎಲಿಸ್ ಪೆರ್ರಿಯ 8.

ಸುಮ್ನೆ_ಓದುವವ
18 ಅಂದರೆ ಸ್ಮೃತಿ ಮಂಧಾನದೂ ಅದೇ ನಂಬರ್. ಹೆಸರು ಹಾಕಿಸದೆ ತಗೊಂಡರೆ ಒಂದೇ ಜೆರ್ಸಿಯಲ್ಲಿ ಇಬ್ಬರೂ.

ಪೆರ್ರಿ_ಪರಮಭಕ್ತೆ
😂 ಇದು ಒಳ್ಳೆ ಐಡಿಯಾ. ಆದರೆ ಪೆರ್ರಿ 8 ಬಿಡುವುದಿಲ್ಲ.

ಪಾಲಿಸ್ಟರ್_ವಿರೋಧಿ
ಬೇಸಿಗೆಯಲ್ಲಿ ದಾವಣಗೆರೆ ಬಿಸಿಲಿಗೆ ಪ್ಲಾಸ್ಟಿಕ್ ಅಂಗಿ ಹಾಕಿಕೊಳ್ಳುವುದು ಯಾಕೆ ಅಂತಲೇ ನನಗೆ ಅರ್ಥ ಆಗುವುದಿಲ್ಲ. ಒಳ್ಳೆ ಹತ್ತಿ ಟೀ ಶರ್ಟ್ ಮೇಲೆ ಲೋಗೋ ಹಾಕಿಸಿ, ಮುಗಿಯಿತು.

ಹೊಲಿಗೆ_ಮಾಸ್ತರ
ಸೋಫಾ ಮೇಲೆ ಕೂತು ಮ್ಯಾಚ್ ನೋಡುವುದಕ್ಕೆ ಹತ್ತಿಯೇ ಸುಖ, ಒಪ್ಪುತ್ತೇನೆ. ಆಡುವುದಕ್ಕೆ ಅಲ್ಲ. ಹತ್ತಿ ನೂಲು ಗಾಳಿಯ ತೇವವನ್ನೇ ತನ್ನ ತೂಕದ ಶೇಕಡ 8ರಷ್ಟು ಹಿಡಿದುಕೊಂಡಿರುತ್ತದೆ. ಪಾಲಿಸ್ಟರ್ ಶೇಕಡ ಅರ್ಧದಷ್ಟೂ ಹಿಡಿಯುವುದಿಲ್ಲ. ಹತ್ತು ಓವರ್ ಫೀಲ್ಡಿಂಗ್ ಮಾಡಿದ ಮೇಲೆ ಹತ್ತಿ ಅಂಗಿ ಒದ್ದೆಯಾಗಿ ಜೋತು ಬೀಳುತ್ತದೆ. ಪಾಲಿಸ್ಟರ್‌ನಲ್ಲಿ ಬೆವರು ನೂಲಿನ ಮೇಲ್ಮೈಯಲ್ಲಿ ಹರಡಿ ಆರುತ್ತದೆ. ಆದರೆ ನೇಯ್ಗೆ ಸರಿ ಇರಬೇಕು. ತೂತಿಲ್ಲದ, ಹೊಳೆಯುವ ಅಗ್ಗದ ಪಾಲಿಸ್ಟರ್ ಹಾಕಿದರೆ ನೀವು ಹೇಳಿದ್ದೇ ಸರಿ, ಒಳಗೆ ಬೇಯುತ್ತೀರಿ.

ಹಾಗಾಗಿ ಪುಟದಲ್ಲಿ ಜಿಎಸ್‌ಎಂ ಎಷ್ಟು ಅಂತ ನೋಡಿ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ ಅದು. ಆಡುವ ಜೆರ್ಸಿಗೆ 140ರಿಂದ 160 ನನ್ನ ಆಯ್ಕೆ. 120ರ ಕೆಳಗೆ ಹೋದರೆ ಮೈ ಕಾಣುತ್ತದೆ, ಬೇಗ ಎಳೆ ಎದ್ದು ಬರುತ್ತದೆ. 180 ದಾಟಿದರೆ ನಮ್ಮ ಸೆಖೆಗೆ ಭಾರ. ಡಾಟ್ ನಿಟ್, ರೈಸ್ ನಿಟ್, ಇಂಟರ್‌ಲಾಕ್ ಅಂತೆಲ್ಲ ಹೆಸರು ಇರುತ್ತವೆ. ಚಿಕ್ಕ ಚಿಕ್ಕ ಕಣ್ಣು ಕಾಣುವ ನೇಯ್ಗೆ ಇದ್ದರೆ ಗಾಳಿ ಆಡುತ್ತದೆ.

ಪಾಲಿಸ್ಟರ್_ವಿರೋಧಿ
ವಾಸನೆ? ಅದಕ್ಕೆ ಉತ್ತರ ಕೊಡಿ ಮಾಸ್ತರೇ. ತೊಳೆದ ಮೇಲೂ ಹೋಗುವುದಿಲ್ಲ.

ಹೊಲಿಗೆ_ಮಾಸ್ತರ
ಪಾಲಿಸ್ಟರ್ ನೀರು ಹಿಡಿಯುವುದಿಲ್ಲ, ಎಣ್ಣೆ ಹಿಡಿಯುತ್ತದೆ. ಮೈ ಎಣ್ಣೆ ಅಲ್ಲೇ ಕೂತು ವಾಸನೆ ಬರುತ್ತದೆ. ಆಡಿ ಬಂದ ತಕ್ಷಣ ತಣ್ಣೀರಲ್ಲಿ ಹಿಂಡಿ ಹಾಕಿ, ಬ್ಯಾಗ್‌ನಲ್ಲಿ ಎರಡು ದಿನ ಮುದುರಿ ಇಡಬೇಡಿ. ಕಂಫರ್ಟ್ ಥರದ ಸಾಫ್ಟನರ್ ಹಾಕಲೇಬೇಡಿ. ನೂಲಿನ ಮೇಲೆ ಪದರ ಕಟ್ಟಿ ಬೆವರು ಹರಡುವುದನ್ನು ನಿಲ್ಲಿಸುತ್ತದೆ, ವಾಸನೆಯನ್ನೂ ಹಿಡಿದಿಡುತ್ತದೆ.

ಕುಂದಾಪ್ರ_ಕೀಪರ್
ಪ್ರಿಂಟ್ ಬಗ್ಗೆ ಹೇಳಿ. ಒಂದು ಜೆರ್ಸಿಯ ನಂಬರ್ ಮೂರನೇ ಒಗೆತಕ್ಕೆ ಸಿಪ್ಪೆ ಎದ್ದು ಬಂತು. 10 ಇದ್ದದ್ದು ಬರೀ 1 ಆಯಿತು. ಇನ್ನೊಂದು ಎಷ್ಟು ವರ್ಷ ಆದರೂ ಹಾಗೇ ಇದೆ.

ಹೊಲಿಗೆ_ಮಾಸ್ತರ
ಮೊದಲನೆಯದು ವಿನೈಲ್, ಅಂದರೆ ಬಟ್ಟೆ ಮೇಲೆ ಅಂಟಿಸುವ ಪ್ಲಾಸ್ಟಿಕ್ ಹಾಳೆ. ಎರಡನೆಯದು ಸಬ್ಲಿಮೇಷನ್. ಸಬ್ಲಿಮೇಷನ್‌ನಲ್ಲಿ ಮೊದಲು ಕಾಗದದ ಮೇಲೆ ಡಿಸೈನ್ ಮುದ್ರಿಸಿ, ಬಿಳಿ ಪಾಲಿಸ್ಟರ್ ಬಟ್ಟೆ ಮೇಲಿಟ್ಟು ಸುಮಾರು 200 ಡಿಗ್ರಿ ಬಿಸಿಯಲ್ಲಿ ಒತ್ತುತ್ತಾರೆ. ಬಣ್ಣ ಆವಿಯಾಗಿ ನೂಲಿನ ಒಳಗೇ ಹೋಗುತ್ತದೆ. ಸಿಪ್ಪೆ ಏಳುವುದಕ್ಕೆ ಮೇಲೆ ಏನೂ ಇರುವುದೇ ಇಲ್ಲ. ಹತ್ತಿಗೆ ಇದು ಹಿಡಿಯುವುದಿಲ್ಲ, ಕಪ್ಪು ಬಟ್ಟೆಗೂ ಆಗುವುದಿಲ್ಲ. ಅದಕ್ಕೇ ಈ ಜೆರ್ಸಿಗಳನ್ನು ಒಳಗೆ ತಿರುಗಿಸಿದರೆ ಬೆಳ್ಳಗೆ ಕಾಣುವುದು.

ಫೋಟೋದಲ್ಲಿ ನೋಡುವುದು ಹೇಗೆ ಅಂದರೆ, ನಂಬರ್ ಮೇಲೂ ಬಟ್ಟೆಯ ಕಣ್ಣುಗಳು ಕಂಡರೆ ಸಬ್ಲಿಮೇಷನ್. ನಂಬರ್ ನುಣ್ಣಗೆ, ಕಣ್ಣು ಮುಚ್ಚಿದಂತೆ ಕಂಡರೆ ಅಂಟಿಸಿದ್ದು. ಅಂಟಿಸಿದ್ದೆಲ್ಲ ಕೆಟ್ಟದ್ದು ಅಂತಲ್ಲ, ಕಂಪನಿಯವರೂ ಅಂಟಿಸುತ್ತಾರೆ. ಅದನ್ನು ಒಳಗೆ ತಿರುಗಿಸಿ ತಣ್ಣೀರಲ್ಲಿ ಒಗೆಯಬೇಕು, ಇಸ್ತ್ರಿ ಪೆಟ್ಟಿಗೆ ತೋರಿಸಬಾರದು.

ಮಂಡ್ಯ_ರೈಡರ್
ಕ್ರಿಕೆಟ್ ಜೆರ್ಸಿಗೆ ಇಷ್ಟೊಂದು ಚರ್ಚೆ! ಕಬಡ್ಡಿ ಆಡಿ ನೋಡಿ, ಆಮೇಲೆ ಹೊಲಿಗೆ ಅಂದರೆ ಏನು ಅಂತ ಗೊತ್ತಾಗುತ್ತದೆ. ನಾಲ್ಕು ಜನ ಹಿಡಿದು ಎಳೆಯುತ್ತಾರೆ. ಆನ್‌ಲೈನ್‌ನಲ್ಲಿ ತರಿಸಿದ ಒಂದು ಸೆಟ್ ಮೊದಲ ಟೂರ್ನಮೆಂಟ್‌ನಲ್ಲೇ ಕಂಕುಳ ಹತ್ತಿರ ಬಾಯಿ ಬಿಟ್ಟಿತು. ಈಗ ಆರ್ಡರ್ ಮಾಡುವ ಮುಂಚೆ ಒಳಭಾಗದ ಫೋಟೋ ಕಳಿಸಿ ಅನ್ನುತ್ತೇವೆ. ಭುಜ, ಕಂಕುಳು, ಪಕ್ಕ, ಮೂರೂ ಕಡೆ ಡಬಲ್ ಹೊಲಿಗೆ ಇರಬೇಕು. ಕುತ್ತಿಗೆ ಹಿಂದೆ ಒಳಗಡೆ ಪಟ್ಟಿ ಹೊಲಿದಿರಬೇಕು, ಇಲ್ಲದಿದ್ದರೆ ಕಾಲರ್ ಜೋಲುತ್ತದೆ. ಸಡಿಲ ಇದ್ದಷ್ಟೂ ಎದುರಾಳಿಗೆ ಹಿಡಿತ ಸಿಗುತ್ತದೆ, ಹಾಗಾಗಿ ನಾವು ಬಿಗಿಯದ್ದೇ ತಗೊಳ್ಳುವುದು.

ಹೊಲಿಗೆ_ಮಾಸ್ತರ
@ಮಂಡ್ಯ_ರೈಡರ್ ಒಳಭಾಗದ ಫೋಟೋ ಕೇಳುವುದು ಎಲ್ಲರೂ ಮಾಡಬೇಕಾದ ಕೆಲಸ. ಮುಂಭಾಗ ಎಲ್ಲರದ್ದೂ ಚೆಂದವೇ. ಫ್ಲಾಟ್‌ಲಾಕ್ ಹೊಲಿಗೆ ಇದ್ದರೆ ಒಳಗೆ ಉಬ್ಬು ಇರುವುದಿಲ್ಲ, ಚರ್ಮಕ್ಕೆ ಉಜ್ಜುವುದಿಲ್ಲ. ಬರೀ ಓವರ್‌ಲಾಕ್ ಇದ್ದರೆ ಒಳಗೆ ಏಣು ಎದ್ದಿರುತ್ತದೆ. ಬೌಲಿಂಗ್ ಮಾಡುವವರು ರ‍್ಯಾಗ್ಲಾನ್ ತೋಳು ನೋಡಿ. ಕುತ್ತಿಗೆಯಿಂದ ಕಂಕುಳಿಗೆ ಓರೆಯಾಗಿ ಹೊಲಿಗೆ ಬರುವುದು. ಕೈ ಎತ್ತಿದರೆ ಅಂಗಿ ಮೇಲೇಳುವುದಿಲ್ಲ.

ಹುಬ್ಬಳ್ಳಿ_ಯಾರ್ಕರ್
ಕಬಡ್ಡಿ ಅಂದ ಮೇಲೆ ಬೆಂಗಳೂರು ಬುಲ್ಸ್ ನೆನಪಾಯಿತು. 2019ರ ಜನವರಿಯ ಪ್ರೊ ಕಬಡ್ಡಿ ಫೈನಲ್, ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟ್. ಆ ಜೆರ್ಸಿ ಎಲ್ಲಾದರೂ ಸಿಗುತ್ತದಾ?

ಮಂಡ್ಯ_ರೈಡರ್
ಅಸಲಿ ಸಿಕ್ಕರೆ ನನಗೂ ಒಂದು ಹೇಳಿ.

ಪಾಲಿಸ್ಟರ್_ವಿರೋಧಿ
ರೆಟ್ರೋ ಅಂದರೆ 1992ರ ವಿಶ್ವಕಪ್ ಜೆರ್ಸಿ ಒಂದೇ. ಕಡು ನೀಲಿ, ಭುಜದ ಮೇಲೆ ಪಟ್ಟಿ. ನಮ್ಮ ಕುಂಬ್ಳೆ ಹಾಕಿದ್ದು.

ಸುಮ್ನೆ_ಓದುವವ
ಕುಂಬ್ಳೆ 1992ರ ವಿಶ್ವಕಪ್ ಆಡಿಲ್ಲ. ಆಡಿದ್ದು ಶ್ರೀನಾಥ್. ಕುಂಬ್ಳೆಯ ಮೊದಲ ವಿಶ್ವಕಪ್ 1996.

ಹುಬ್ಬಳ್ಳಿ_ಯಾರ್ಕರ್
1996 ಅಂದರೆ ಚಿನ್ನಸ್ವಾಮಿಯ ಪಾಕಿಸ್ತಾನ ಪಂದ್ಯ, ಆಮಿರ್ ಸೊಹೇಲ್‌ನನ್ನು ಬೌಲ್ಡ್ ಮಾಡಿದ ವೆಂಕಟೇಶ್ ಪ್ರಸಾದ್. ಮುಂದೆ ಹೇಳುವುದೇ ಬೇಡ.

ಬ್ಲೂ_ಬ್ಲಾಕ್
ರೆಟ್ರೋ ತಗೊಳ್ಳುವವರು ಒಂದು ನೆನಪಿಡಿ. ಆ ಕಾಲದ ಕಟ್ ದೊಗಳೆ. ಈಗ ಮಾರುವವರು ಕೆಲವರು ಆ ಹಳೇ ದೊಗಳೆ ಕಟ್‌ನಲ್ಲೇ ಹೊಲಿಯುತ್ತಾರೆ, ಕೆಲವರು ಈಗಿನ ಕಟ್‌ಗೆ ಆ ಡಿಸೈನ್ ಹಾಕುತ್ತಾರೆ. ಅಳತೆ ಕೇಳದೆ ತಗೊಂಡರೆ ಒಂದೋ ಡೇರೆ, ಒಂದೋ ಬನಿಯನ್.

ದಾವಣಗೆರೆ_ದೋಸೆ
ವಿಷಯಕ್ಕೆ ಬನ್ನಿ ಸ್ವಾಮಿ 😄 ಮಾಸ್ತರ ಹೇಳಿದ ಹಾಗೆ ಮೂವರ ಟೀ ಶರ್ಟ್ ಅಳೆದೆ. ನನ್ನದು ಸುತ್ತಳತೆ 45, ಅಪ್ಪನದು 42, ತಂಗಿಯದು 36. ಒಬ್ಬ ಮಾರಾಟಗಾರನಿಗೆ 'ಚಾರ್ಟ್ ಮೈ ಅಳತೆಯೋ ಬಟ್ಟೆ ಅಳತೆಯೋ' ಅಂತ ಕೇಳಿದೆ. 'ಸರ್ ಬೆಸ್ಟ್ ಕ್ವಾಲಿಟಿ' ಅಂತ ಉತ್ತರ ಬಂತು. ಅವನನ್ನು ಬಿಟ್ಟೆ. ಇನ್ನೊಬ್ಬರು ಟೇಪ್ ಇಟ್ಟು ಫೋಟೋ ತೆಗೆದು ಕಳಿಸಿದರು. ಅವರ ಹತ್ತಿರ ಎಕ್ಸ್‌ಎಲ್ 44 ಬರುತ್ತದೆ, ಡಬಲ್ ಎಕ್ಸ್‌ಎಲ್ 46.

ಪೆರ್ರಿ_ಪರಮಭಕ್ತೆ
ಟೇಪ್ ಇಟ್ಟು ಫೋಟೋ ಕಳಿಸುವವರು ಸಿಕ್ಕರೆ ಬಿಡಬೇಡಿ.

ಹೊಲಿಗೆ_ಮಾಸ್ತರ
ಡಬಲ್ ಎಕ್ಸ್‌ಎಲ್ ತಗೊಳ್ಳಿ. ಪಾಲಿಸ್ಟರ್ ಹತ್ತಿಯ ಥರ ಕುಗ್ಗುವುದಿಲ್ಲ, ಆದರೆ ಹಿಗ್ಗುವುದೂ ಇಲ್ಲ. ಹಾಕುತ್ತಾ ಹಾಕುತ್ತಾ ಸಡಿಲ ಆಗುತ್ತದೆ ಅನ್ನುವ ಆಸೆ ಇಟ್ಟುಕೊಳ್ಳಬೇಡಿ. ಉದ್ದ ಎಷ್ಟು ಅಂತಲೂ ಕೇಳಿ. ಹೊಟ್ಟೆ ಇದ್ದವರಿಗೆ ಮುಂದೆ ಒಂದು ಇಂಚು ಮೇಲೇಳುತ್ತದೆ.

ಗ್ರಾಹಕ_ಗಿರಿ
ಬೆನ್ನ ಮೇಲೆ ನಿಮ್ಮ ಹೆಸರು ಹಾಕಿಸುತ್ತೀರಾ? ಹಾಕಿಸಿದರೆ ಸಾಮಾನ್ಯವಾಗಿ ವಾಪಸ್ ತಗೊಳ್ಳುವುದಿಲ್ಲ. ಮೊದಲು ಖಾಲಿ ಜೆರ್ಸಿ ತರಿಸಿ, ಸೈಜ್ ಸರಿ ಇದ್ದರೆ ಊರಲ್ಲೇ ಪ್ರಿಂಟ್ ಮಾಡಿಸಿ. ಪಾರ್ಸೆಲ್ ಬಿಚ್ಚುವಾಗ ಲೇಬಲ್ ಕಾಣುವ ಹಾಗೆ ವಿಡಿಯೋ ಮಾಡಿಟ್ಟುಕೊಳ್ಳಿ. ಬೇರೆ ಮಾಲು ಬಂದು, ಮಾರಾಟಗಾರ ಕೈ ಎತ್ತಿದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು.

ರಿವ್ಯೂ ಓದುವಾಗ ಐದು ಸ್ಟಾರ್‌ನವು ಬಿಡಿ. ಪಾರ್ಸೆಲ್ ಬಂದ ದಿನ 'ಸೂಪರ್' ಅಂತ ಬರೆದದ್ದರಿಂದ ಏನು ಗೊತ್ತಾಗುತ್ತದೆ? ಎರಡು ಮೂರು ಸ್ಟಾರ್ ಕೊಟ್ಟವರು ನಾಲ್ಕು ಒಗೆತ ಆದ ಮೇಲೆ ಬರೆದಿರುತ್ತಾರೆ. ಅದನ್ನು ಓದಿ.

ಬಿಲ್ ಕೇಳಿ, ಬಿಡಬೇಡಿ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿ ತನಕದ ಬಟ್ಟೆಗೆ ಜಿಎಸ್‌ಟಿ ಶೇಕಡ 5, ಅದರ ಮೇಲೆ 18. 'ಬಿಲ್ ಬೇಡ ಅಂದರೆ ಕಮ್ಮಿ ಮಾಡುತ್ತೇವೆ' ಅನ್ನುವವರ ಮಾಲಿಗೆ ನಾಳೆ ಯಾರೂ ಗ್ಯಾರಂಟಿ ಇಲ್ಲ.

ಡಲ್ಲಾಸ್_ಗೌಡ್ರು
ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ನಾವು ಇಲ್ಲಿನ ಕ್ರಿಕೆಟ್ ಟೀಮಿಗೆ ಊರಿನಿಂದಲೇ ಜೆರ್ಸಿ ತರಿಸುತ್ತಿದ್ದೆವು. ಇಲ್ಲಿ ಎಂ ಹಾಕುವವನಿಗೆ ಭಾರತದ ಎಲ್ ಬೇಕಾಗುತ್ತದೆ, ಎಷ್ಟೋ ಸಲ ಎಕ್ಸ್‌ಎಲ್. ಆಗಸ್ಟ್ 2025ರ ಕೊನೆಯಿಂದ 800 ಡಾಲರ್ ಒಳಗಿನ ಪಾರ್ಸೆಲ್‌ಗೂ ಸುಂಕ ಬಿದ್ದಿದೆ. ಮೊದಲಿನ ಲೆಕ್ಕ ಹಾಕಿಕೊಂಡು ತರಿಸಬೇಡಿ. ಊರಿಗೆ ಹೋದವರ ಸೂಟ್‌ಕೇಸೇ ಗತಿ.

ಕುಂದಾಪ್ರ_ಕೀಪರ್
ಉಪ್ಪಿನಕಾಯಿ ಬಾಟಲಿ ಒಡೆದರೆ ಜೆರ್ಸಿ ಎಲ್ಲ ಆರ್‌ಸಿಬಿ ಬಣ್ಣಕ್ಕೆ ಬರುತ್ತದೆ ಗೌಡ್ರೆ.

ನಾಪೋಕ್ಲು_ಲೆಫ್ಟ್‌ವಿಂಗ್
ಟೀಮ್ ಆರ್ಡರ್ ವಿಷಯ ಬಂದದ್ದು ಒಳ್ಳೆಯದಾಯಿತು. ಕೊಡಗಿನ ಕುಟುಂಬ ಹಾಕಿಯಲ್ಲಿ ಪ್ರತಿ ಮನೆತನಕ್ಕೂ ಅದರದ್ದೇ ಜೆರ್ಸಿ. 1997ರಲ್ಲಿ ಕರಡದಲ್ಲಿ ಶುರುವಾದಾಗ 60 ಕುಟುಂಬ ಇದ್ದವು. 2024ರಲ್ಲಿ ನಮ್ಮ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಮನೆತನದ ಹೆಸರಿನ ಕಪ್ ನಡೆದಾಗ 360. ಎಷ್ಟು ಜೆರ್ಸಿ ಹೊಲಿದಿರಬೇಕು ಲೆಕ್ಕ ಹಾಕಿ.

ನಮ್ಮ ಕಷ್ಟ ಏನೆಂದರೆ ತಂಡದಲ್ಲಿ ಶಾಲೆ ಹುಡುಗನೂ ಇರುತ್ತಾನೆ, ಅಜ್ಜನೂ ಇರುತ್ತಾರೆ. ವಾಟ್ಸಾಪ್‌ನಲ್ಲಿ ಸೈಜ್ ಕೇಳಿದರೆ ಎಲ್ಲರೂ 'ಎಲ್' ಅನ್ನುತ್ತಾರೆ. ಈಗ ಆರ್ಡರ್ ಕೊಡುವವರಿಂದ ಸೈಜಿಗೊಂದರಂತೆ ಸ್ಯಾಂಪಲ್ ತರಿಸಿಕೊಂಡು ಎಲ್ಲರಿಗೂ ಹಾಕಿಸಿ ನೋಡಿ ಆಮೇಲೆ ಪಟ್ಟಿ ಕಳಿಸುತ್ತೇವೆ. ಮಕ್ಕಳದ್ದು '10ರಿಂದ 12 ವರ್ಷ' ಅಂತ ವಯಸ್ಸು ನೋಡಿ ಆರಿಸಬೇಡಿ, ಎತ್ತರ ಮತ್ತು ಎದೆ ಅಳತೆ ಕೊಡಿ.

ಮಂಡ್ಯ_ರೈಡರ್
ಕನ್ನಡದಲ್ಲಿ ಹೆಸರು ಹಾಕಿಸುವವರು ಇನ್ನೊಂದು ನೋಡಿಕೊಳ್ಳಿ. ಹೊರ ರಾಜ್ಯದ ಪ್ರಿಂಟರ್‌ಗೆ ಕನ್ನಡ ಅಕ್ಷರ ಟೈಪ್ ಮಾಡಿ ಕಳಿಸಿದರೆ ಒತ್ತಕ್ಷರ ಎಲ್ಲ ಕಿತ್ತುಹೋಗಿ ಬರುತ್ತದೆ. ಕೃಷ್ಣ ಹೋಗಿ 'ಕೃಷ್‌ಣ' ಆಗಿತ್ತು ನಮ್ಮ ತಂಡದಲ್ಲಿ. ಅವನಿಗೆ ಈಗಲೂ ಕೃಷ್ ಅಂತಲೇ ಹೆಸರು.

ನಾಪೋಕ್ಲು_ಲೆಫ್ಟ್‌ವಿಂಗ್
ಕೋರಲ್‌ಡ್ರಾ ಅನ್ನುವ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಅಕ್ಷರಗಳನ್ನು ಕರ್ವ್ಸ್ ಮಾಡಿ ಕಳಿಸಿದರೆ ಆ ತೊಂದರೆ ಇಲ್ಲ. ಅಕ್ಷರ ಚಿತ್ರ ಆಗಿಬಿಡುತ್ತದೆ, ಫಾಂಟ್ ಇಲ್ಲದಿದ್ದರೂ ನಡೆಯುತ್ತದೆ. ಹೊಲಿಯುವ ಮುಂಚೆ ಪ್ರೂಫ್ ತರಿಸಿ, ಕನ್ನಡ ಓದಲು ಬರುವವರು ಒಬ್ಬರು ನೋಡಬೇಕು.

ಪಾಲಿಸ್ಟರ್_ವಿರೋಧಿ
ಆರ್‌ಸಿಬಿ ಸೀಸನ್‌ಗೊಂದು ಪಂದ್ಯದಲ್ಲಿ ಹಾಕುವ ಹಸಿರು ಜೆರ್ಸಿ ತಗೊಳ್ಳಬಹುದಾ? ಅದು ಮರುಬಳಕೆಯ ಬಟ್ಟೆ ಅನ್ನುತ್ತಾರೆ.

ಕುಂದಾಪ್ರ_ಕೀಪರ್
ಬೇಡ ಮಾರಾಯ್ರೆ! ಹಸಿರು ಹಾಕಿದರೆ ಸೋಲುತ್ತೇವೆ.

ಸುಮ್ನೆ_ಓದುವವ
2016ರ ಮೇ ತಿಂಗಳು ಗುಜರಾತ್ ಲಯನ್ಸ್ ಮೇಲೆ ಹಸಿರಲ್ಲೇ 144 ರನ್‌ನಿಂದ ಗೆದ್ದದ್ದು. ಕೊಹ್ಲಿ 109, ಎಬಿಡಿ 129. 2025ರಲ್ಲಿ ಜೈಪುರದಲ್ಲೂ ಹಸಿರಲ್ಲೇ ಗೆದ್ದರು. 2011ರಿಂದ ಹಾಕುತ್ತಿದ್ದಾರೆ, ಸೋತದ್ದು ಮಾತ್ರ ನೆನಪಿಟ್ಟುಕೊಂಡರೆ ಹೇಗೆ?

ಕುಂದಾಪ್ರ_ಕೀಪರ್
ಲೆಕ್ಕ ಎಲ್ಲ ಸರಿ. ಆದರೂ ಹಾಕುವುದಿಲ್ಲ.

ಬ್ಲೂ_ಬ್ಲಾಕ್
@ಪಾಲಿಸ್ಟರ್_ವಿರೋಧಿ ಮರುಬಳಕೆ ಅಂದರೂ ಅದು ಪ್ಲಾಸ್ಟಿಕ್‌ನಿಂದ ಮಾಡಿದ ಪಾಲಿಸ್ಟರೇ. ನಿಮ್ಮ ಹೆಸರು ಬದಲಾಯಿಸಬೇಕಾಗುತ್ತದೆ.

ನಾಪೋಕ್ಲು_ಲೆಫ್ಟ್‌ವಿಂಗ್
ಮಾಸ್ತರೇ, ಒಂದು ಸಂದೇಹ. ನಮ್ಮ ಗೋಲ್‌ಕೀಪರ್ ಎದೆ ಪ್ಯಾಡ್ ಮೇಲೆ ಜೆರ್ಸಿ ಹಾಕುತ್ತಾನೆ. ಅವನದೇ ಟೀ ಶರ್ಟ್ ಅಳೆದರೆ ಆಗುವುದಿಲ್ಲವಲ್ಲ?

ಹೊಲಿಗೆ_ಮಾಸ್ತರ
ಆಗುವುದಿಲ್ಲ. ಪ್ಯಾಡ್ ಕಟ್ಟಿಸಿ, ಅದರ ಮೇಲೆ ಟೇಪ್ ಸುತ್ತಿ ಅಳೆಯಿರಿ. ಅದಕ್ಕೆ 4 ಇಂಚು ಸೇರಿಸಿ. ತೋಳಿನ ಬಾಯಿ ಅಳತೆ ಬೇರೆಯೇ ಕೊಡಿ, ಮೊಣಕೈ ಗಾರ್ಡ್ ಅದರೊಳಗೆ ಹೋಗಬೇಕು.

ನಾಪೋಕ್ಲು_ಲೆಫ್ಟ್‌ವಿಂಗ್
ಸರಿ. ಕಂಕುಳ ಹತ್ತಿರ ಹೆಚ್ಚಿನ ತುಂಡು ಇಟ್ಟು ಹೊಲಿಯಲು ಹೇಳಲಾ?

ಹೊಲಿಗೆ_ಮಾಸ್ತರ
ಹೇಳಿ. ಮೆಶ್ (ಜಾಲರಿ) ಬಟ್ಟೆಯದ್ದೇ ಇಡಲಿ.